ಗ್ಯಾರೇಜಿನಲ್ಲಿ ನಡೆದ ಕೆ.ಟಿ.

ಮೈಸೂರಿನಲ್ಲಿರುವ ನನ್ನ ಅಕ್ಕನ ಮಗ ಕಂಪ್ಯೂಟರಿಗೆ ಸ್ಟಿಯರಿಂಗು, ಪೆಡಲು ಎಲ್ಲ ತಂದು ಜೋಡಿಸಿಕೊಂಡಿದ್ದಾನೆ. ಈಚೆಗೆ ಅವರ ಮನೆಗೆ ಹೋದಾಗ ಐರೇಸಿಂಗ್ ಎಂಬ ಕಾರ್ ರೇಸಿನ ಆಟ ಆಡುತ್ತಿದ್ದ. ಪರದೆಯ ಮೇಲಿದ್ದದ್ದು ಅಮೆರಿಕದ ಶಾರ್ಲೆಟ್ ಟ್ರ್ಯಾಕು, ಅದರ ಮೇಲೊಂದು ಸ್ಟಾಕ್ ಕಾರು. ಮೂರನೇ ತಿರುವಿಗೆ ಬಂದಾಗಲೆಲ್ಲ ಕಾರು ಮೇಲಕ್ಕೆ ಜಾರಿ ಗೋಡೆಗೆ ಉಜ್ಜುತ್ತಿತ್ತು. "ಬರೀ ಎಡಕ್ಕೆ ತಿರುಗಿಸೋದಲ್ವಾ, ಇದರಲ್ಲೇನು ಮಹಾ ಅಂದ್ಕೊಂಡಿದ್ದೆ ಮಾವ. ಎಷ್ಟು ತಿರುಗಿಸಿದ್ರೂ ತಿರುಗ್ತಾನೇ ಇಲ್ಲ ನೋಡಿ" ಅಂದ. "ತಿರುಗಿಸೋದು ಕಮ್ಮಿ ಮಾಡು. ಇನ್ನೂ ಸ್ವಲ್ಪ ಹಿಂದೇನೇ ಕಾಲು ತೆಗಿ" ಅಂದೆ. ಒಂದೆರಡು ಸುತ್ತು ತಡವರಿಸಿ, ಆಮೇಲೆ ಗೋಡೆ ಮುಟ್ಟದೆ ಹೊರಗೆ ಬಂದ. ಇದೆಲ್ಲ ನಿಮಗೆ ಹೇಗೆ ಗೊತ್ತು ಅನ್ನುವಂತೆ ತಿರುಗಿ ನೋಡಿದ. ನನಗೆ ಇದನ್ನು ಹೇಳಿಕೊಟ್ಟವರು ಆ ಶಾರ್ಲೆಟ್ ಕಡೆಯವರೇ. ಅವರ ನೌಕರಿಯನ್ನು ಬೆಂಗಳೂರಿಗೆ ಹೊತ್ತು ತರಲು ಹೋಗಿದ್ದವನು ನಾನು.

ಅದು 2003. ನಾನಿದ್ದ ಬೆಂಗಳೂರಿನ ಕಂಪನಿ ನನ್ನನ್ನು ನಾರ್ತ್ ಕ್ಯಾರೊಲಿನಾದ ಶಾರ್ಲೆಟ್‌ಗೆ ಆನ್‌ಸೈಟ್ ಕಳಿಸಿತು. ಅದು ಬ್ಯಾಂಕುಗಳ ಊರು. ಒಂದು ದೊಡ್ಡ ಬ್ಯಾಂಕಿನ ಮೇನ್‌ಫ್ರೇಮಿನಲ್ಲಿ ರಾತ್ರಿಯಿಡೀ ಓಡುವ ಬ್ಯಾಚ್ ಜಾಬುಗಳನ್ನು ನೋಡಿಕೊಳ್ಳುವ ಕೆಲಸ ಬೆಂಗಳೂರಿಗೆ ಬರುವುದಿತ್ತು. ಬರುವ ಮುಂಚೆ ಅಲ್ಲಿನವರ ಪಕ್ಕ ಕೂತು, ಅವರಿಗೆ ಗೊತ್ತಿರುವುದನ್ನೆಲ್ಲ ಕೇಳಿ ಬರೆದುಕೊಳ್ಳಬೇಕು. ಐಟಿಯಲ್ಲಿ ಇದಕ್ಕೆ ನಾಲೆಜ್ ಟ್ರಾನ್ಸ್‌ಫರ್ ಅನ್ನುತ್ತಾರೆ, ಬಾಯಲ್ಲಿ ಕೆ.ಟಿ. ಕೊಡುವವರಿಗೂ ಗೊತ್ತು, ತೆಗೆದುಕೊಳ್ಳುವವರಿಗೂ ಗೊತ್ತು: ಕೆ.ಟಿ. ಮುಗಿದ ದಿನ ಕೊಟ್ಟವರು ಮನೆಗೆ.

ನನಗೆ ಕೆ.ಟಿ. ಕೊಡಬೇಕಾಗಿದ್ದವರು ಅರವತ್ತರ ಹತ್ತಿರದ ಆಪರೇಟರ್. ಯಾವಾಗಲೂ ರಾತ್ರಿ ಪಾಳಿ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡುತ್ತಿದ್ದರು, ಕೇಳದ್ದನ್ನು ಒಂದಕ್ಷರವೂ ಹೇಳುತ್ತಿರಲಿಲ್ಲ. ನಡುರಾತ್ರಿ ಯಾವುದೋ ಜಾಬು 'ಸಾಕ್ ಸೆವೆನ್' ಅಂತ ಬಿದ್ದುಹೋಗುತ್ತಿತ್ತು. ಅಂಕಿ ಇರಬೇಕಾದ ಕಡೆ ಅಂಕಿಯಲ್ಲದ್ದೇನೋ ಬಂದಿದೆ ಎಂದು ಅದರ ಅರ್ಥ. ನಾನು ಕೈಪಿಡಿ ತಿರುವಿ ಹಾಕುವಷ್ಟರಲ್ಲಿ ಅವರು ಆ ಫೈಲು ತೆರೆದು ಸರಿಮಾಡಿ ಜಾಬನ್ನು ಮತ್ತೆ ಓಡಿಸಿಯಾಗಿರುತ್ತಿತ್ತು. ಹೇಗೆ ಗೊತ್ತಾಯಿತು ಎಂದು ಕೇಳಿದರೆ, "ಅದು ಯಾವಾಗಲೂ ಅಲ್ಲೇ ಬೀಳೋದು" ಅನ್ನುವರು. ನನ್ನ ದಸ್ತಾವೇಜಿಗೆ ಆ ವಾಕ್ಯದಿಂದ ಏನೂ ಸಿಗುತ್ತಿರಲಿಲ್ಲ.

ಅವರ ಮಾನಿಟರಿನ ಅಂಚಿಗೆ 3 ಎಂಬ ಅಂಕಿಯ ಸ್ಟಿಕ್ಕರ್ ಅಂಟಿಸಿತ್ತು. ಏನದು ಎಂದು ಕೇಳಿದ್ದೇ ತಡ, ಮೊದಲ ಸಲ ಕೇಳದಿದ್ದನ್ನೂ ಹೇಳಿದರು. ಅದು ಡೇಲ್ ಅರ್ನ್‌ಹಾರ್ಟ್ ಓಡಿಸುತ್ತಿದ್ದ ಕಾರಿನ ನಂಬರು. ಶಾರ್ಲೆಟ್ ಪಕ್ಕದ ಕನ್ನಾಪೊಲಿಸ್ ಊರಿನ ಗಿರಣಿ ಕಾರ್ಮಿಕರ ಕೇರಿಯಲ್ಲಿ ಬೆಳೆದವರು, ಅಮೆರಿಕದ ಸ್ಟಾಕ್ ಕಾರ್ ರೇಸಾದ ನ್ಯಾಸ್ಕಾರ್‌ನ ಚಾಂಪಿಯನ್ ಪಟ್ಟವನ್ನು 7 ಸಲ ಗೆದ್ದವರು. 2001ರ ಫೆಬ್ರವರಿ 18ರಂದು ಡೇಟೋನಾ 500 ರೇಸಿನ ಕಟ್ಟಕಡೆಯ ಸುತ್ತಿನಲ್ಲಿ ಗೋಡೆಗೆ ಬಡಿದು ತೀರಿಕೊಂಡರು. ಮೊಟ್ಟೆಯಾಕಾರದ ದಾರಿಯಲ್ಲಿ ಮೂರು ನಾಲ್ಕು ಗಂಟೆ ಸುತ್ತು ಹೊಡೆಯುವುದನ್ನು ಲಕ್ಷ ಜನ ಹೋಗಿ ನೋಡುತ್ತಾರಲ್ಲ ಎಂದು ನಮ್ಮ ಕ್ಯಾಂಟೀನ್ ಮೇಜಿನಲ್ಲಿ ನಾವು ಭಾರತೀಯರು ನಗುತ್ತಿದ್ದೆವು. ಐದು ದಿನದ ಟೆಸ್ಟ್ ಮ್ಯಾಚು ನೋಡಿ ಬೆಳೆದವರು ನಗಬಾರದಿತ್ತು, ಆದರೂ ನಗುತ್ತಿದ್ದೆವು. "ಶನಿವಾರ ಸಂಜೆ ಬಾ, ತೋರಿಸ್ತೀನಿ" ಅಂದರು.

ಅವರ ಮನೆ ಕಾನ್ಕರ್ಡ್‌ನಲ್ಲಿ, ಶಾರ್ಲೆಟ್ ಸ್ಪೀಡ್‌ವೇಗೆ ಹತ್ತಿರ. ಗ್ಯಾರೇಜಿನಲ್ಲಿ ಒಂದು ಹಳೆಯ ಮರದ ಮೇಜು, ಅದರ ಅಂಚಿಗೆ ಕಚ್ಚಿಸಿದ ಸ್ಟಿಯರಿಂಗು. ಪೆಡಲುಗಳು ಜಾರದಂತೆ ಪ್ಲೈವುಡ್ ಹಲಗೆಗೆ ಸ್ಕ್ರೂ ಹೊಡೆದಿದ್ದರು. ಬ್ರೇಕ್ ಪೆಡಲಿನ ಹಿಂದೆ ಒಂದು ರಬ್ಬರ್ ಚೆಂಡನ್ನು ಅರ್ಧ ಕೊಯ್ದು ಸಿಕ್ಕಿಸಿದ್ದರು. ಅಂಗಡಿಯಿಂದ ತಂದ ಪೆಡಲು ಬರೀ ಸ್ಪ್ರಿಂಗಿನದು, ಎಷ್ಟು ತುಳಿದೆವೆಂದು ಕಾಲಿಗೆ ತಿಳಿಯುವುದಿಲ್ಲ. ಚೆಂಡು ಇಟ್ಟರೆ ತುಳಿದಷ್ಟೂ ಬಿಗಿಯಾಗುತ್ತ ಹೋಗುತ್ತದೆ, ನಿಜವಾದ ಬ್ರೇಕಿನ ಹಾಗೆ. ಆಟದ ಹೆಸರು 'ನ್ಯಾಸ್ಕಾರ್ ರೇಸಿಂಗ್ 2003 ಸೀಸನ್', ಪಪೈರಸ್ ಎಂಬ ಕಂಪನಿಯದು. ಅವರು ಪ್ರಾಯದಲ್ಲಿ ಶನಿವಾರ ರಾತ್ರಿಗಳಲ್ಲಿ ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕುಗಳಲ್ಲಿ ನಿಜವಾಗಿಯೂ ಕಾರು ಓಡಿಸಿದ್ದವರು. ಈ ಆಟದಲ್ಲಿ ಕಾರು ಜಾರುವ ರೀತಿ ಸುಳ್ಳಲ್ಲ ಎಂದು ಅವರ ಅಭಿಪ್ರಾಯ.

ನಾನು ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ 'ನೀಡ್ ಫಾರ್ ಸ್ಪೀಡ್' ಆಡಿ ಹೋದವನು. ಅಲ್ಲಿ ಮೇಲಿನ ಬಾಣದ ಕೀಲಿ ಒತ್ತಿ ಹಿಡಿದರೆ ಮುಗಿಯಿತು, ಗೋಡೆಗೆ ಬಡಿದರೆ ಕಾರು ಪುಟಿದು ರಸ್ತೆಗೆ ಬರುತ್ತದೆ. ಇಲ್ಲಿ ಶಾರ್ಲೆಟ್‌ನ ಮೊದಲ ತಿರುವಿನಲ್ಲೇ ಮೂತಿ ಜಜ್ಜಿಹೋಯಿತು. ಅವರು ನನ್ನ ಹಿಂದೆ, ಬೋರಲು ಹಾಕಿದ ಪೇಂಟ್ ಡಬ್ಬದ ಮೇಲೆ ಕೂತಿದ್ದರು. ಪರದೆ ನೋಡುತ್ತಲೇ ಇರಲಿಲ್ಲ, ನನ್ನ ಪಾದ ನೋಡುತ್ತಿದ್ದರು. "ಟಯರಿಗೆ ಇರೋ ಹಿಡಿತ ಇಷ್ಟೇ. ನಿಲ್ಲಿಸೋಕೆ ಎಷ್ಟು, ತಿರುಗೋಕೆ ಎಷ್ಟು, ಮುಂದಕ್ಕೆ ನೂಕೋಕೆ ಎಷ್ಟು ಅಂತ ನೀನು ಹಂಚಬೇಕು" ಎಂದರು. ತಿಂಗಳ ಸಂಬಳದ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ: ಬಾಡಿಗೆಗೇ ಎಲ್ಲ ಸುರಿದರೆ ರೇಷನ್ನಿಗೆ ಉಳಿಯುವುದಿಲ್ಲ. ಕಾರು ತಿರುಗುತ್ತಿಲ್ಲವೆಂದು ಸ್ಟಿಯರಿಂಗ್ ಇನ್ನೂ ತಿರುಗಿಸಿದರೆ ಮುಂದಿನ ಟಯರು ಬರೀ ಉಜ್ಜಿ ಬಿಸಿಯಾಗುತ್ತದೆ, ಇದ್ದ ಹಿಡಿತವೂ ಹೋಗುತ್ತದೆ.

ಶಾರ್ಲೆಟ್ 1.5 ಮೈಲಿಯ ಟ್ರ್ಯಾಕು, ತಿರುವುಗಳಲ್ಲಿ ರಸ್ತೆ 24 ಡಿಗ್ರಿ ಒಳಕ್ಕೆ ವಾಲಿದೆ. ಅಲ್ಲಿ ಅವರು ಹೇಳಿಕೊಟ್ಟ ಕ್ರಮ ಈಗಲೂ ಬಾಯಿಪಾಠ. ನೇರ ದಾರಿಯಲ್ಲಿ ಹೊರಗಿನ ಗೋಡೆಯ ಹತ್ತಿರ ಇರು. ಆ ಗೋಡೆಯ ಮೇಲೆ ಜಾಹೀರಾತು ಬರೆದಿದೆಯಲ್ಲ, ಅದರಲ್ಲಿ ಒಂದು ಅಕ್ಷರ ಗುರುತಿಟ್ಟುಕೋ. ಆ ಅಕ್ಷರ ದಾಟುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆಯಲು ಶುರುಮಾಡು. ಫಕ್ಕನೆ ತೆಗೆದರೆ ಭಾರವೆಲ್ಲ ಮೂತಿಗೆ ಬಂದು ಹಿಂಬದಿ ಹಗುರಾಗಿ ಕಾರು ಗಿರಕಿ ಹೊಡೆಯುತ್ತದೆ, ಹಾಗಾಗಿ ನಿಧಾನಕ್ಕೆ. ಬ್ರೇಕು ಬೇಕಿದ್ದರೆ ಸ್ಟಿಯರಿಂಗ್ ತಿರುಗಿಸುವ ಮೊದಲೇ ಮುಟ್ಟು, ತಿರುಗುತ್ತ ಹೋದಂತೆ ಬಿಡುತ್ತ ಬಾ. ಆಮೇಲೆ ಕಾಯಬೇಕು. ಕಾರು ತನ್ನಷ್ಟಕ್ಕೆ ಉರುಳಿಕೊಂಡು ಕೆಳಗಿನ ಬಿಳಿ ಗೆರೆಗೆ ಇಳಿಯುತ್ತದೆ. ಈ ಕಾಯುವ ಕ್ಷಣದಲ್ಲೇ ನನ್ನ ಪಾದ ತುಡಿಯುತ್ತಿತ್ತು, ಅವರು ಅದನ್ನೇ ನೋಡುತ್ತಿದ್ದರು. ಮೂತಿ ತಿರುವಿನ ಹೊರದಾರಿಯ ಕಡೆ ನೆಟ್ಟಗಾದ ಮೇಲೆ ಮೆಲ್ಲನೆ ತುಳಿ, ಸ್ಟಿಯರಿಂಗ್ ಬಿಚ್ಚುತ್ತ ಕಾರನ್ನು ಗೋಡೆಯ ಕಡೆಗೆ ಹೋಗಲು ಬಿಡು. "ಒಂದು ಸಲ ತುಳಿದ ಮೇಲೆ ಮತ್ತೆ ಕಾಲು ತೆಗೀಬೇಕಾಗಿ ಬಂತೋ, ನೀನು ತುಳಿದದ್ದು ಬೇಗ ಆಯ್ತು." ಓವಲ್ ಟ್ರ್ಯಾಕಿನ ಬಗ್ಗೆ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ಶಾರ್ಲೆಟ್‌ನಲ್ಲಿ ಗೋಡೆ ಮುಟ್ಟದೆ ಓಡಿಸುವುದು ಬಂದ ಮೇಲೆ ಮಾರ್ಟಿನ್ಸ್‌ವಿಲ್‌ಗೆ ಕರೆದೊಯ್ದರು. ಅದು ವರ್ಜೀನಿಯಾದಲ್ಲಿದೆ, 1947ರಷ್ಟು ಹಳೆಯದು. ಸುತ್ತಳತೆ ಬರೀ 0.526 ಮೈಲಿ, ವಾಲಿಕೆ 12 ಡಿಗ್ರಿ. ಎರಡು ಉದ್ದನೆಯ ನೇರ ದಾರಿ, ತುದಿಗಳಲ್ಲಿ ಎರಡು ಬಿಗಿಯಾದ ತಿರುವು. ನೇರ ದಾರಿ ಡಾಂಬರು, ತಿರುವು ಕಾಂಕ್ರೀಟು. ಆಗ ರೇಸಿಗೆ 500 ಸುತ್ತು, ಗೆದ್ದವರಿಗೆ ಆಳೆತ್ತರದ ಗಡಿಯಾರ ಬಹುಮಾನ. ಇಲ್ಲಿ ಬ್ರೇಕನ್ನು ಉಳಿಸಿಕೊಳ್ಳುವುದೇ ಕಸುಬು. ಪ್ರತಿ ತಿರುವಿಗೂ ಕೊನೆಯ ಗಳಿಗೆಯವರೆಗೆ ಕಾದು ಜೋರಾಗಿ ತುಳಿದರೆ ಐವತ್ತು ಸುತ್ತಿನೊಳಗೆ ಬ್ರೇಕು ಕಾದು ಹಿಡಿಯುವುದಿಲ್ಲ. ತಿರುವಿನಿಂದ ಹೊರಬರುವಾಗ ಆತುರಪಟ್ಟರೆ ಹಿಂದಿನ ಚಕ್ರ ನಿಂತಲ್ಲೇ ತಿರುಗಿ ಸವೆಯುತ್ತದೆ, ಅದರ ಬೆಲೆ ನೂರು ಸುತ್ತಿನ ಮೇಲೆ ತೆರಬೇಕು. ಒಂದೇ ಜಾಗದಲ್ಲಿ ಒಂದೇ ಥರ ಸುತ್ತುತ್ತಿದ್ದೇನೆ ಅನ್ನಿಸಿದರೂ ಯಾವ ಎರಡು ಸುತ್ತೂ ಒಂದಲ್ಲ. ಪೆಟ್ರೋಲು ಕರಗಿ ಕಾರು ಹಗುರಾಗುತ್ತದೆ, ಟಯರು ಸವೆಯುತ್ತದೆ, ಹತ್ತು ಸುತ್ತಿನ ಹಿಂದೆ ಸರಿಯಿದ್ದ ಅಕ್ಷರ ಈಗ ತಡವಾಗಿರುತ್ತದೆ.

ಆಮೇಲೆ ಬಂದದ್ದು ಕಾರನ್ನು ಹದ ಮಾಡುವ ಪಾಠ. ಸದಾ ಎಡಕ್ಕೇ ತಿರುಗುವ ಕಾರಿನ ಎರಡು ಬದಿ ಒಂದೇ ಥರ ಇರುವುದಿಲ್ಲ. ಬಲಗಡೆಯ ಟಯರು ಎಡಗಡೆಯದಕ್ಕಿಂತ ಸುತ್ತಳತೆಯಲ್ಲಿ ಸ್ವಲ್ಪ ದೊಡ್ಡದು, ಆದ್ದರಿಂದ ಕಾರು ತಾನಾಗಿ ಎಡಕ್ಕೆ ಎಳೆಯುತ್ತದೆ. ತೂಕವನ್ನೂ ಆದಷ್ಟು ಎಡಕ್ಕೆ ಇಟ್ಟಿರುತ್ತಾರೆ. ಮೂತಿ ತಿರುಗಲು ಒಪ್ಪದೆ ಗೋಡೆಯ ಕಡೆ ಹೋದರೆ ಕಾರು 'ಟೈಟ್', ಹಿಂಬದಿ ಜಾರಿ ಹೊರಕ್ಕೆ ಹೋದರೆ 'ಲೂಸ್'. ಎರಡರಲ್ಲೂ ಗೋಡೆಗೇ ಬಡಿಯುವುದು, ಟೈಟಾದರೆ ಮೂತಿಯಿಂದ, ಲೂಸಾದರೆ ಹಿಂಭಾಗದಿಂದ ಎಂದು ಅವರು ನಗುತ್ತಿದ್ದರು. ಹತ್ತಾರು ಸುತ್ತು ಓಡಿಸಿ ಪಿಟ್‌ಗೆ ಬಂದರೆ ಟಯರುಗಳ ಶಾಖದ ಅಂಕಿ ತೋರಿಸುತ್ತಿದ್ದರು. ಬಲ ಮುಂದಿನದು ಬಲ ಹಿಂದಿನದಕ್ಕಿಂತ ಬಿಸಿಯಿದ್ದರೆ ಕಾರು ಟೈಟ್. ಆದರೆ ಬದಲಾಯಿಸಲು ಹೊರಟರೆ ಕೈ ತಡೆಯುವರು: "ಮೊದಲು ನೀನು ಅದೇ ಥರ ಓಡಿಸೋದು ಕಲಿ. ನೀನೇ ಸುತ್ತಿಗೊಂದು ಥರ ಓಡಿಸಿದರೆ ತಪ್ಪು ಕಾರಿನದೋ ನಿನ್ನದೋ ಹೇಗೆ ಗೊತ್ತಾಗುತ್ತೆ?"

ಸೌತ್ ಕ್ಯಾರೊಲಿನಾದ ಡಾರ್ಲಿಂಗ್ಟನ್ ಅವರಿಗೆ ತೀರಾ ಇಷ್ಟ. 1950ರಲ್ಲಿ ಶುರುವಾದ ಆ ಟ್ರ್ಯಾಕನ್ನು ಕಟ್ಟಿದವರು ಹೆರಾಲ್ಡ್ ಬ್ರೇಸಿಂಗ್ಟನ್. ಜಮೀನು ಕೊಟ್ಟ ರೈತನ ಮೀನಿನ ಕೆರೆ ಒಂದು ತುದಿಗೆ ಅಡ್ಡ ಬಂತು, ಕೆರೆ ಮುಟ್ಟಬಾರದೆಂದು ಷರತ್ತು. ಹಾಗಾಗಿ ಆ ತುದಿಯನ್ನು ಕಿರಿದಾಗಿಸಿದರು. ಒಂದು ತುದಿಗೆ ಹದ ಮಾಡಿದ ಕಾರು ಇನ್ನೊಂದು ತುದಿಗೆ ಹೊಂದುವುದಿಲ್ಲ. ಎಲ್ಲೋ ಒಂದು ಕಡೆ ಸೋಲಲು ಒಪ್ಪಿಕೊಂಡೇ ಓಡಿಸಬೇಕು.

ಡೇಟೋನಾವನ್ನು ಬೇಕೆಂದೇ ಕೊನೆಗೆ ಇಟ್ಟಿದ್ದರು. 2.5 ಮೈಲಿ, ತಿರುವುಗಳಲ್ಲಿ 31 ಡಿಗ್ರಿ ವಾಲಿಕೆ. ಅಲ್ಲಿ ಕಾಲು ತೆಗೆಯುವುದೇ ಇಲ್ಲ, ಸುತ್ತಿಡೀ ಪೂರ್ತಿ ತುಳಿದಿರುವುದು. 1987ರಲ್ಲಿ ಡೇಟೋನಾದ ಥರದ್ದೇ ಟಲಡೆಗಾ ಟ್ರ್ಯಾಕಿನಲ್ಲಿ ಬಾಬಿ ಆಲಿಸನ್ ಅವರ ಕಾರು ಹಾರಿ ಪ್ರೇಕ್ಷಕರ ಮುಂದಿನ ಬೇಲಿಯನ್ನು ಹರಿದ ಮೇಲೆ, 1988ರಿಂದ ಆ ಎರಡು ಟ್ರ್ಯಾಕುಗಳಲ್ಲಿ ಎಂಜಿನ್ನಿಗೆ ಹೋಗುವ ಗಾಳಿಯನ್ನು ರಂಧ್ರದ ತಗಡಿಟ್ಟು ಕಡಿಮೆ ಮಾಡಿದರು. ಎಲ್ಲ ಕಾರಿನ ಬಲವೂ ಹೆಚ್ಚುಕಡಿಮೆ ಸಮವಾಗಿ, ಗೆಲ್ಲುವುದು ಮುಂದಿನ ಕಾರಿನ ಬೆನ್ನ ಹಿಂದಿನ ತೆಳು ಗಾಳಿಯನ್ನು ಬಳಸಿಕೊಂಡವರು. ಒಂಟಿ ಕಾರಿಗಿಂತ ಒಂದರ ಹಿಂದೊಂದು ಅಂಟಿಕೊಂಡ ಎರಡು ಕಾರು ವೇಗ. ಇದನ್ನು ರೇಸಿನಲ್ಲಿ ಕಂಡುಕೊಂಡು 1960ರ ಡೇಟೋನಾ 500 ಗೆದ್ದವರು ಜೂನಿಯರ್ ಜಾನ್ಸನ್, ನಾರ್ತ್ ಕ್ಯಾರೊಲಿನಾದ ವಿಲ್ಕ್ಸ್ ಕೌಂಟಿಯವರು. ಕಳ್ಳಭಟ್ಟಿ ಸಾಗಿಸುತ್ತ ಪೊಲೀಸರಿಂದ ತಪ್ಪಿಸಿಕೊಂಡು ಓಡಿಸಿಯೇ ಚಾಲಕರಾದವರು, ತಂದೆಯ ಭಟ್ಟಿಯಲ್ಲಿ ಸಿಕ್ಕಿಬಿದ್ದು ಜೈಲನ್ನೂ ಕಂಡವರು. ಅವರ ಕಾರು ಉಳಿದವರದಕ್ಕಿಂತ ನಿಧಾನದ್ದು, ಆದ್ದರಿಂದಲೇ ಗಾಳಿಯ ಗುಟ್ಟು ಸಿಕ್ಕಿತು. ನಮ್ಮ ಗುರುಗಳು ಈ ಕತೆ ಹೇಳುವಾಗ ಪೇಂಟ್ ಡಬ್ಬದಿಂದ ಎದ್ದು ನಿಲ್ಲುತ್ತಿದ್ದರು.

ಇನ್ನು ಆ ಗ್ಯಾರೇಜಿನ ಗೋಡೆ. ಅಲ್ಲಿ ಕೆಂಪು ಬಟ್ಟೆಯ ಮೇಲೆ ಕತ್ತರಿಯಾಕಾರದ ನೀಲಿ ಪಟ್ಟಿಗಳು, ಅವುಗಳೊಳಗೆ ನಕ್ಷತ್ರಗಳಿದ್ದ ಬಾವುಟ ಹೊಡೆದಿತ್ತು. ಯಾವುದೋ ತಂಡದ್ದಿರಬೇಕು ಎಂದುಕೊಂಡಿದ್ದೆ. ಅದು ಗುಲಾಮಗಿರಿ ಉಳಿಯಬೇಕೆಂದು ಯುದ್ಧ ಮಾಡಿದ ದಕ್ಷಿಣದ ರಾಜ್ಯಗಳ ಬಾವುಟವೆಂದು ಆಫೀಸಿನ ಕಪ್ಪು ಸಹೋದ್ಯೋಗಿಯೊಬ್ಬರು ಹೇಳಿದ ಮೇಲೆ ಗೊತ್ತಾಯಿತು. ಅವರೇ ವೆಂಡೆಲ್ ಸ್ಕಾಟ್ ಹೆಸರನ್ನೂ ಹೇಳಿದರು. ಮಾರ್ಟಿನ್ಸ್‌ವಿಲ್ ಪಕ್ಕದ ಡ್ಯಾನ್‌ವಿಲ್‌ನವರು, 1963ರ ಡಿಸೆಂಬರ್ 1ರಂದು ಜ್ಯಾಕ್ಸನ್‌ವಿಲ್‌ನಲ್ಲಿ ನ್ಯಾಸ್ಕಾರ್‌ನ ಮೇಲಿನ ದರ್ಜೆಯ ರೇಸು ಗೆದ್ದ ಮೊದಲ ಕಪ್ಪು ಚಾಲಕ. ಆ ದಿನ ವಿಜಯಿ ಎಂದು ಮೈದಾನದಲ್ಲಿ ಸಾರಿದ್ದು ಬೇರೊಬ್ಬರನ್ನು. ಜನ ಚದುರಿದ ಮೇಲೆ ಗೆದ್ದದ್ದು ಸ್ಕಾಟ್ ಎಂದು ಒಪ್ಪಿಕೊಂಡರು. ಜೂನಿಯರ್ ಜಾನ್ಸನ್ನರ ಕತೆಯನ್ನು ಎದ್ದು ನಿಂತು ಹೇಳುತ್ತಿದ್ದ ನಮ್ಮ ಗುರುಗಳ ಬಾಯಲ್ಲಿ ಸ್ಕಾಟ್ ಹೆಸರು ಒಂದು ಸಲವೂ ಬರಲಿಲ್ಲ. ನನಗೆ ಊಟ ಹಾಕಿದವರು, ಪಿಕಪ್ಪಿನಲ್ಲಿ ಮನೆಗೆ ಬಿಟ್ಟವರು, ಮಾಂಸ ತಿನ್ನುವುದಿಲ್ಲವೆಂದು ತಿಳಿದು ಹೆಂಡತಿಗೆ ಹೇಳಿ ಜೋಳದ ಬ್ರೆಡ್ಡು, ಬೇಯಿಸಿದ ಬೀನ್ಸು ಮಾಡಿಸಿದವರು ಇವರೇ. ಎರಡೂ ನಿಜ. ಒಂದನ್ನು ಹಿಡಿದು ಇನ್ನೊಂದನ್ನು ಅಳಿಸಲು ನನಗೆ ಇಂದಿಗೂ ಆಗಿಲ್ಲ.

ಆ ಬೇಸಿಗೆಯಲ್ಲೇ, 2003ರ ಜುಲೈ 30ರಂದು, ಕನ್ನಾಪೊಲಿಸ್‌ನ ದೊಡ್ಡ ಟವೆಲ್ ಗಿರಣಿ ಬಾಗಿಲು ಹಾಕಿತು. ಒಂದೇ ಏಟಿಗೆ ಅಷ್ಟೊಂದು ಜನರ ಕೆಲಸ ಹೋದದ್ದು ಆ ರಾಜ್ಯದಲ್ಲಿ ಹಿಂದೆ ಇರಲಿಲ್ಲ. ನಮ್ಮ ಗುರುಗಳ ತಮ್ಮ ಅಲ್ಲೇ ದುಡಿಯುತ್ತಿದ್ದ. ಆ ವಾರ ಆಫೀಸಿನಲ್ಲಿ ಜಾಬುಗಳ ಸಾಲು ನೋಡುತ್ತ, ನನ್ನ ಕಡೆ ತಿರುಗದೆ, "ಟವೆಲು ಹಡಗಿನಲ್ಲಿ ಹೋಯ್ತು, ನಾನು ತಂತಿಯಲ್ಲಿ ಹೋಗ್ತಿದ್ದೀನಿ" ಅಂದರು. ಶನಿವಾರ ಹೋಗುವುದೋ ಬೇಡವೋ ಎಂದು ಅನುಮಾನಿಸುತ್ತಿದ್ದೆ. ಸಂಜೆ ಅವರೇ ಅಪಾರ್ಟ್‌ಮೆಂಟಿನ ಕೆಳಗೆ ಪಿಕಪ್ ತಂದು ಹಾರ್ನ್ ಹೊಡೆದರು.

ಕೆ.ಟಿ. ಮುಗಿಯಿತು. ನಾನು ಬೆಂಗಳೂರಿಗೆ ಬಂದೆ, ಅವರು ಮನೆಗೆ ಹೋದರು. ಒಂದೆರಡು ವರ್ಷ ಇಮೇಲ್ ಇತ್ತು, ಆಮೇಲೆ ಅದೂ ನಿಂತಿತು. ಆ ಆಟ ಮಾಡಿದ ಪಪೈರಸ್ ಕಂಪನಿಯೂ ಅದೇ ಸುಮಾರಿಗೆ ಮುಚ್ಚಿತು. ನ್ಯಾಸ್ಕಾರ್ ಹೆಸರಿನಲ್ಲಿ ಆಟ ಮಾಡುವ ಹಕ್ಕು ಇನ್ನೊಂದು ದೊಡ್ಡ ಕಂಪನಿಯ ಪಾಲಾಗಿತ್ತು. ಪಪೈರಸ್ ಕಟ್ಟಿದವರಲ್ಲಿ ಒಬ್ಬರಾದ ಡೇವಿಡ್ ಕೆಮರ್ ಹಳೆಯ ಕೋಡಿನ ಹಕ್ಕು ಪಡೆದು, ಜಾನ್ ಹೆನ್ರಿ ಎಂಬವರ ಜೊತೆ ಸೇರಿ ಹೊಸದಾಗಿ ಶುರುಮಾಡಿದರು. ಅದೇ 2008ರಲ್ಲಿ ಐರೇಸಿಂಗ್ ಆಗಿ ಬಂತು. ಅಕ್ಕನ ಮಗ ಆಡುವುದು ನಾನು ಆಡಿದ ಆಟದ ಮುಂದಿನ ತಲೆಮಾರನ್ನೇ.

ಈ ನಡುವೆ ಆಟ ಮತ್ತು ಮೈದಾನ ಒಂದರೊಳಗೊಂದು ಸೇರಿಕೊಂಡಿವೆ. ಶಾರ್ಲೆಟ್‌ನಲ್ಲೇ ಹುಟ್ಟಿದ ವಿಲಿಯಂ ಬೈರನ್ ಹುಡುಗನಾಗಿದ್ದಾಗ ಮೊದಲು ಕಲಿತದ್ದು ಐರೇಸಿಂಗಿನಲ್ಲಿ. 2024 ಮತ್ತು 2025ರ ಡೇಟೋನಾ 500 ಎರಡನ್ನೂ ಗೆದ್ದದ್ದು ಆತ. 1996ರಲ್ಲಿ ನ್ಯಾಸ್ಕಾರ್ ಕೈಬಿಟ್ಟಿದ್ದ, ಕಳೆ ಬೆಳೆದು ಹಾಳುಬಿದ್ದಿದ್ದ ನಾರ್ತ್ ವಿಲ್ಕ್ಸ್‌ಬರೋ ಟ್ರ್ಯಾಕನ್ನು 2019ರ ಡಿಸೆಂಬರಿನಲ್ಲಿ ಡೇಲ್ ಅರ್ನ್‌ಹಾರ್ಟ್ ಜೂನಿಯರ್ ಮತ್ತು ಜೊತೆಯವರು ಹೋಗಿ ಶುಚಿಗೊಳಿಸಿದರು, ಆಟಕ್ಕಾಗಿ ಲೇಸರಿನಿಂದ ಅಳೆದರು. ಮೊದಲು ಆಟದಲ್ಲಿ ಬದುಕಿದ ಆ ಟ್ರ್ಯಾಕಿನಲ್ಲಿ 2023ರಲ್ಲಿ ನ್ಯಾಸ್ಕಾರ್‌ನ ನಿಜವಾದ ಕಾರುಗಳು ಮತ್ತೆ ಓಡಿದವು. 2022ರ ಅಕ್ಟೋಬರ್ 30ರಂದು ಮಾರ್ಟಿನ್ಸ್‌ವಿಲ್‌ನ ಕೊನೆಯ ಸುತ್ತಿನಲ್ಲಿ ರಾಸ್ ಚಾಸ್ಟೇನ್ ಕಾಲು ತೆಗೆಯದೆ ಕಾರನ್ನು ಗೋಡೆಗೆ ಆನಿಸಿ ನುಗ್ಗಿಸಿ ಐದು ಕಾರುಗಳನ್ನು ಹಿಂದಿಕ್ಕಿದರು. ಆ ಸುತ್ತಿಗೆ ಹಿಡಿದದ್ದು 18.845 ಸೆಕೆಂಡು. ಚಿಕ್ಕಂದಿನಲ್ಲಿ ಆಡಿದ ವಿಡಿಯೋ ಗೇಮಿನಿಂದ ಬಂದ ಉಪಾಯ ಅದೆಂದು ಅವರೇ ಹೇಳಿದರು. ತಿರುಗಿಸುವ ಕೆಲಸ ಗೋಡೆ ಮಾಡಿದರೆ ಟಯರಿನ ಲೆಕ್ಕವೇ ಬೇಡ. ಮರುವರ್ಷ ನ್ಯಾಸ್ಕಾರ್ ಅದಕ್ಕೆ ಅವಕಾಶವಿಲ್ಲ ಎಂದಿತು. ಕೆಲವು ಆಟಗಳಲ್ಲಿ ಈ ಚಮತ್ಕಾರ ನಡೆಯುತ್ತಿದ್ದುದು ನಮ್ಮ ಗುರುಗಳಿಗೆ ಆಗಲೇ ಗೊತ್ತಿತ್ತು. "ಅದು ಕಾರು ಓಡಿಸೋದಲ್ಲ" ಎನ್ನುತ್ತಿದ್ದರು. ಗ್ಯಾರೇಜಿನ ಗೋಡೆಯ ಮೇಲಿದ್ದಂಥ ಆ ಬಾವುಟವನ್ನೂ ಮೈದಾನಗಳಲ್ಲಿ ನ್ಯಾಸ್ಕಾರ್ 2020ರ ಜೂನಿನಲ್ಲಿ ನಿಷೇಧಿಸಿತು. ಅದಕ್ಕೆ ಅವರು ಏನನ್ನುತ್ತಿದ್ದರೋ, ಮೆಚ್ಚುತ್ತಿದ್ದರು ಎಂದು ನನಗನ್ನಿಸುವುದಿಲ್ಲ.

ನಾನು ಬರೆದು ತಂದ ಕೆ.ಟಿ. ದಸ್ತಾವೇಜಿನ ಕತೆಯೂ ಮುಗಿದಿದೆ. ಕೆಲವು ವರ್ಷಗಳ ಮೇಲೆ ಆ ಸಿಸ್ಟಮ್ಮನ್ನೇ ಮುಚ್ಚಿದರು. ಆಮೇಲೆ ಬೇರೆ ಪ್ರಾಜೆಕ್ಟುಗಳಲ್ಲಿ ನಾನೂ ಕೆ.ಟಿ. ಕೊಡುವವರ ಕುರ್ಚಿಯಲ್ಲಿ ಕೂತಿದ್ದೇನೆ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಿದ್ದೇನೆ. ಆಗ ನಮ್ಮ ಗುರುಗಳ ಬಿಗುಮಾನವೆಂದು ಕಂಡದ್ದೂ ಇದೇ ಎಂದು ಆ ಕುರ್ಚಿಯಲ್ಲಿ ಗೊತ್ತಾಯಿತು. ಆಫೀಸಿನಲ್ಲಿ ಕಸಿದುಕೊಳ್ಳಲು ಬಂದವನಿಗೆ ಎಷ್ಟು ಬೇಕೋ ಅಷ್ಟು ಕೊಟ್ಟರು, ಗ್ಯಾರೇಜಿನಲ್ಲಿ ಕಲಿಯಲು ಬಂದವನಿಗೆ ಏನನ್ನೂ ಉಳಿಸಿಕೊಳ್ಳಲಿಲ್ಲ. ಕಸುಬುದಾರರು ಬಹುಶಃ ಹೀಗೆಯೇ ಇರಬೇಕು.

ನಿಮ್ಮಲ್ಲಿ ಯಾರಾದರೂ ಓವಲ್ ಆಡಲು ಕೂತರೆ, ಡೇಟೋನಾದಿಂದ ಶುರುಮಾಡಬೇಡಿ. ಮಾರ್ಟಿನ್ಸ್‌ವಿಲ್ ತೆರೆಯಿರಿ, ಬೇರೆ ಕಾರುಗಳು ಬೇಡ, ಕಾರಿನ ಹದವನ್ನೂ ಮುಟ್ಟಬೇಡಿ. ಇಪ್ಪತ್ತು ಸುತ್ತು ಓಡಿಸಿ, ಅತ್ಯುತ್ತಮ ಸುತ್ತು ಯಾವುದೆಂದು ನೋಡಬೇಡಿ, ಇಪ್ಪತ್ತರ ಸಮಯವೂ ಹತ್ತಿರ ಹತ್ತಿರ ಇದೆಯೇ ಎಂದಷ್ಟೇ ನೋಡಿ. ಇದ್ದರೆ ಮುಂದಕ್ಕೆ ಹೋಗಿ. ಇಲ್ಲದಿದ್ದರೆ ಇನ್ನಷ್ಟು ಹಿಂದೆಯೇ ಕಾಲು ತೆಗೆಯಿರಿ.